ಸ್ವಂತ ವಾಕ್ಯ

ಶಿವಯೋಗೆಪ್ಪನವರ ಕಣ್ಣು ಪೂರಾ ಮಸುಕಾದ ವರ್ಷ ಅವರ ಸೊಸೆ ಗೌರಾಬಾಯಿ ಇಂಗ್ಲಿಷ್ ಕಲಿಯಲು ಕೂತಳು. ಕೂತಳು ಎನ್ನುವುದಕ್ಕಿಂತ ಕೂರಿಸಿದರು ಎನ್ನಬೇಕು. ಜಿಲ್ಲಾ ಕಚೇರಿಯಲ್ಲಿ ಶಿರಸ್ತೇದಾರರಾಗಿ ಪಿಂಚಣಿ ಪಡೆದ ಮುದುಕರಿಗೆ ಮುಂಬೈಯಿಂದ ಬರುವ ಇಂಗ್ಲಿಷ್ ಪತ್ರಿಕೆ ಓದದೆ ಬೆಳಗಿನ ಚಹಾ ಇಳಿಯುತ್ತಿರಲಿಲ್ಲ. ಕಾಚಬಿಂದು ಆಗಿದೆ, ಇನ್ನು ಕಣ್ಣು ತಿರುಗಿ ಬರುವುದಿಲ್ಲ ಎಂದು ವೈದ್ಯರು ಹೇಳಿಬಿಟ್ಟಿದ್ದರು. ಓದಿ ಹೇಳಬೇಕಾದ ಮಗ ಶಂಕ್ರೆಪ್ಪ ಪಲ್ಟನ್ನಿನಲ್ಲಿ ಕಾರಕೂನನಾಗಿ ಸಮುದ್ರ ದಾಟಿ ಬಸ್ರಾಕ್ಕೆ ಹೋಗಿದ್ದ. ಮನೆಯಲ್ಲಿ ಉಳಿದವರು ಅಕ್ಷರ ಬಾರದ ಹೆಂಡತಿ ಮುರಿಗೆವ್ವ ಮತ್ತು ಈ ಸೊಸೆ. ಬಿಜ್ಜರಗಿಯ ಒಕ್ಕಲು ಮನೆಯ ಹುಡುಗಿಯಾದರೂ ಗೌರಾಬಾಯಿ ತಿಕೋಟದ ಸೋದರಮಾವನ ಮನೆಯಲ್ಲಿದ್ದು ಸಾಲೆ ಕಲಿತಿದ್ದಳು. ಇಂಗ್ಲಿಷಿನ ಅಕ್ಷರ ಕೂಡಿಸಿ ಓದುವಷ್ಟು ಬರುತ್ತಿತ್ತು. ಅರ್ಥ ಮಾತ್ರ ಆಗುತ್ತಿರಲಿಲ್ಲ.

"ಅರ್ಥ ನಾ ಹೇಳತೇನಿ. ನೀ ಬರೇ ಓದು," ಎಂದರು ಮಾವ.

ಆದರೆ ಅವರು ಬರೀ ಓದಿಸಿ ಬಿಡುವ ಜಾತಿಯವರಲ್ಲ. ಒಂದು ಕಠಿಣ ಶಬ್ದ ಬಂತೆಂದರೆ ಅಲ್ಲೇ ನಿಲ್ಲಿಸುವರು. ಮೊದಲು ಅದರ ಅರ್ಥವನ್ನು ಸಣ್ಣ ಸಣ್ಣ ಇಂಗ್ಲಿಷ್ ಮಾತುಗಳಲ್ಲಿ ಹೇಳುವರು, ಆಮೇಲೆ ಕನ್ನಡದಲ್ಲಿ. ಕೊನೆಗೆ ಅವಳು ಆ ಶಬ್ದ ಇಟ್ಟುಕೊಂಡು ತಾನೇ ಒಂದು ವಾಕ್ಯ ಮಾಡಬೇಕು. ಮೊದಲ ದಿನಗಳಲ್ಲಿ ಗೌರಾಬಾಯಿ ಪತ್ರಿಕೆಯ ವಾಕ್ಯವನ್ನೇ ತಿರುಗಿಸಿ ಹೇಳಿ ಪಾರಾಗಲು ನೋಡಿದಳು. ಮಾವ ಕೋಲಿನಿಂದ ನೆಲ ಕುಟ್ಟಿದರು.

"ಮಂದಿ ವಾಕ್ಯ ನನಗ ಬ್ಯಾಡ. ನಿನ್ನ ಮನಿ, ನಿನ್ನ ಹಿತ್ತಲ, ನೀ ಕಣ್ಣಿಂದ ಕಂಡದ್ದು ಹೇಳು. ಸ್ವಂತ ವಾಕ್ಯ ಮಾಡದ ಶಬ್ದ ನಾಲಿಗಿ ಮ್ಯಾಲ ನಿಲ್ಲೂದಿಲ್ಲ ತಂಗಿ."

ಹಾಗೆ 'ರಿಲಕ್ಟಂಟ್' ಎಂಬ ಶಬ್ದ ಬಂದಾಗ ಅವಳಿಗೆ ಬಿಜ್ಜರಗಿಯ ಹಳ್ಳ ನೆನಪಾಯಿತು. ಮನಸ್ಸಿಲ್ಲದೆ ಹಿಂಜರಿಯುವುದು ಎಂದು ಮಾವ ಅರ್ಥ ಹೇಳಿದ್ದರು. "ದ ಗೋಟ್ ಈಸ್ ರಿಲಕ್ಟಂಟ್ ಟು ಎಂಟರ್ ದ ವಾಟರ್," ಎಂದಳು. ನೀರಿಗಿಳಿಯಲು ಹಿಂಜರಿಯುವ ಆಡಿನ ಆ ಮಾತಿಗೆ ಶಿವಯೋಗೆಪ್ಪನವರು ಬೊಚ್ಚುಬಾಯಿ ತೆರೆದು ನಕ್ಕರು. 'ಸ್ಕೇರ್ಸಿಟಿ'ಗೆ ಯುದ್ಧಕಾಲದಲ್ಲಿ ಸಿಗದಾದ ಸೀಮೆಎಣ್ಣೆ ಇತ್ತು. 'ಆಬ್‌ಸ್ಟಿನೇಟ್' ಎಂದರೆ ಹಟಮಾರಿ ಎಂದಾಗ ಇಬ್ಬರ ಮುಖವೂ ಮುರಿಗೆವ್ವನ ಕಡೆಗೇ ತಿರುಗಿತು, ಆಕೆ ಜೋಳ ಕೇರುತ್ತ, "ಏನದು, ನನ್ನ ಹೆಸರ ತಗೊಂಡ್ರೇನು?" ಎಂದಳು. 'ಲೀವ್'ಗೂ 'ಅಬ್ಯಾಂಡನ್'ಗೂ ಇರುವ ಅಂತರವನ್ನು ಮಾವ ಎಳೆಎಳೆಯಾಗಿ ಬಿಡಿಸಿದರು. ಸಂತೆಗೆ ಹೋಗುವಾಗ ಮನೆಯನ್ನು ಬಿಟ್ಟು ಹೋಗುವುದು ಒಂದು ಬಗೆ, ಬಿಡಬಾರದ್ದನ್ನು ಬಿಟ್ಟು ಹೋಗುವುದು ಇನ್ನೊಂದು ಬಗೆ. ಗೌರಾಬಾಯಿಗೆ ಬೆಳಗಾಗುವುದೇ ತಡವೆನ್ನಿಸತೊಡಗಿತು. ಮದುವೆಯಾಗಿ ಆ ಮನೆಗೆ ಬಂದ ಮೇಲೆ ಅವಳು ಆಡಿದ ಮಾತಿಗೆ ಯಾರೂ ಕಿವಿಗೊಟ್ಟು, ಇನ್ನೊಮ್ಮೆ ಹೇಳು ಎಂದಿರಲಿಲ್ಲ. ರೊಟ್ಟಿ ಬಡಿಯುತ್ತ ತುಟಿಯಲ್ಲೇ ವಾಕ್ಯ ಜೋಡಿಸುವಳು. ಮರುಕ್ಷಣವೇ, ಮಗಳನ್ನು ಮಣ್ಣು ಮಾಡಿ ಬಂದವಳಿಗೆ ಇದೆಂಥ ಹಿಗ್ಗು ಎಂದು ತನ್ನ ಮೇಲೆ ತನಗೇ ಹೇಸಿಕೆಯಾಗುವುದು.

ಮಗಳ ಹೆಸರು ರುದ್ರವ್ವ. ಇದಕ್ಕೆ ಹಿಂದಿನ ವರ್ಷದ ಚಳಿಗಾಲದಲ್ಲಿ ವಿಜಯಪುರದ ಪೇಟೆಯಲ್ಲಿ ಇಲಿ ಬಿದ್ದವು. ಪ್ಲೇಗು ಎಂದು ಡಂಗುರ ಸಾರಿದ ಮೇಲೆ ಊರಿಗೆ ಊರೇ ಬಾಗಿಲಿಗೆ ಕೀಲಿ ಜಡಿದು ಹೊರಬಿತ್ತು. ಶಿವಯೋಗೆಪ್ಪನವರ ಮನೆಯವರು ಇಟ್ಟಂಗಿಹಾಳದ ಹೊಲವೊಂದರಲ್ಲಿ ಜೋಳದ ಕಣಿಕೆಯ ಗುಡಿಸಲು ಹಾಕಿಕೊಂಡರು. ಪಕ್ಕದ ಗುಡಿಸಲಿನಲ್ಲಿ ಸೊಲ್ಲಾಪುರ ರಸ್ತೆಯ ಗಾಡಿ ರಿಪೇರಿಯ ಬುಡ್ಡೇಸಾಬ ಮತ್ತು ಅವನ ಹೆಂಡತಿ ಜುಲೇಖಾ ಇದ್ದರು. ಮೊದಲು ಜುಲೇಖಾಳ ಮಗನಿಗೆ ಜ್ವರ ಬಂತು. ಅವಳು ಅಳುತ್ತಲೇ ಮಗನನ್ನು ಸರಕಾರದ ಪ್ಲೇಗಿನ ಶೆಡ್ಡಿಗೆ ಹೊತ್ತೊಯ್ದಳು. ಅದರ ಬೆನ್ನಿಗೇ ರುದ್ರವ್ವನ ಮೈ ಸುಡತೊಡಗಿತು. ತೊಡೆಯ ಸಂದಿಯಲ್ಲಿ ಗಂಟು ಎದ್ದಿತು.

"ಮಾವಾರ, ಕೂಸಿನ್ನ ಶೆಡ್ಡಿಗೆ ಒಯ್ಯೂಣ್ರಿ," ಎಂದು ಗೌರಾಬಾಯಿ ಕೈಮುಗಿದಳು.

ಶಿವಯೋಗೆಪ್ಪನವರು ಗುಡಿಸಲಿನ ತಟ್ಟಿ ಎಳೆದು ಮೆಲ್ಲಗೆ ಹೇಳಿದರು: "ಸಾವಕಾಶ ಮಾತಾಡು. ನಿನ್ನ ನಾದಿನಿ ಲಗ್ನ ಗೊತ್ತಾಗೇದ. ನಮ್ಮ ಗುಡಿಸಲಾಗ ಪ್ಲೇಗ ಬಂದೈತಿ ಅಂತ ಬೀಗರಿಗೆ ತಿಳೀತಂದ್ರ ನಾಳೆನೇ ಎಲಿಅಡಿಕಿ ಹೊಳ್ಳಿ ಬರತಾವು. ಬರೇ ಜ್ವರ ಅದು. ಇಳೀತೈತಿ."

ಜ್ವರ ಇಳಿಯಲಿಲ್ಲ. ಮಗು ಹೋದ ಸಂಜೆಯೇ ಹೊಲದ ಅಂಚಿನಲ್ಲಿ ಮಣ್ಣು ಮಾಡಿದರು. ಕೇಳಿದವರಿಗೆಲ್ಲ ಒಂದು ದಿನದ ಜ್ವರ ಎಂದರು. ಬಸ್ರಾಕ್ಕೂ ಅದೇ ಸುದ್ದಿ ಹೋಯಿತು. ಮುಂದಿನ ಬೇಸಗೆಯಲ್ಲಿ ಗೌರಾಬಾಯಿಯ ನಾದಿನಿಯ ಲಗ್ನ ಚೆನ್ನಾಗಿಯೇ ನಡೆಯಿತು. ಜುಲೇಖಾಳ ಮಗ ಶೆಡ್ಡಿನಿಂದ ಸೊರಗಿಕೊಂಡು, ಆದರೂ ತನ್ನ ಕಾಲ ಮೇಲೆ ನಡೆದುಕೊಂಡೇ ಬಂದ. ಯಾವುದೋ ಹೊಸ ಗುಳಿಗೆ ಕೊಟ್ಟರೆಂದು ತಾಯಿ ಹೇಳಿದಳು. ಗೌರಾಬಾಯಿ ಅವನ ತಲೆ ಸವರಿ ಒಳಗೆ ಹೋದಳು.

ಇಷ್ಟನ್ನೂ ನುಂಗಿಕೊಂಡೇ ಅವಳು ಮಾವನ ಎದುರು ಕೂತು ಶಬ್ದ ಕಲಿತದ್ದು. ಯುದ್ಧ ಮುಗಿಯುವ ಸುದ್ದಿ ಬರುತ್ತಿದ್ದ ದಿನಗಳಲ್ಲಿ ಒಂದು ಮುಂಜಾನೆ ಪತ್ರಿಕೆಯಲ್ಲಿ ಧಾನ್ಯ ಅಡಗಿಸಿಟ್ಟ ವ್ಯಾಪಾರಿಯೊಬ್ಬನ ಸುದ್ದಿ ಬಂದಿತ್ತು. ಅವಳು 'ಕನ್ಸೀಲ್' ಎಂಬಲ್ಲಿ ತಡವರಿಸಿದಳು.

"ಒಳ್ಳೇ ಶಬ್ದ," ಎಂದರು ಮಾವ ಹುರುಪಿನಿಂದ. "ಕಚೇರಿ ಜಾಹೀರನಾಮೆದಾಗ ನಾ ಎಷ್ಟು ಸಲ ಬರದೇನಿ. 'ಹೈಡ್' ಅಂದ್ರ ಹುಡುಗೂರು ಅಡಗಿ ಕೂಡೂದೂ ಆತು. 'ಕನ್ಸೀಲ್' ಹಂಗಲ್ಲ. ನಾಕು ಮಂದಿಗೆ ತಿಳೀಬೇಕಾದ್ದನ್ನ ತಿಳಿದೂ ತಿಳಿದೂ ಮುಚ್ಚಿಡೂದು. ಹೂಂ, ವಾಕ್ಯ ಮಾಡು."

ಗೌರಾಬಾಯಿ ಎಂದಿನಂತೆ ಯೋಚಿಸಲಿಲ್ಲ. ವಾಕ್ಯ ಅದಾಗಲೇ ಬಾಯಲ್ಲಿತ್ತು.

"ಮೈ ಫಾದರ್-ಇನ್-ಲಾ ಕನ್ಸೀಲ್ಡ್ ದ ಫೀವರ್ ಆಫ್ ಮೈ ಡಾಟರ್."

ನನ್ನ ಮಾವ ನನ್ನ ಮಗಳ ಜ್ವರವನ್ನು ಮುಚ್ಚಿಟ್ಟರು. ಕನ್ನಡದಲ್ಲಿ ಅವಳು ಆ ಮಾತನ್ನು ಆ ಮನೆಯಲ್ಲಿ ಎಂದೂ ಆಡಲಾರಳು. ಮಾವ ಎಂಬ ಶಬ್ದ ಬಾಯಿಗೆ ಬಂದರೆ ಸೆರಗು ತಾನಾಗಿ ತಲೆಯ ಮೇಲೆ ಬರುತ್ತಿತ್ತು.

ಶಿವಯೋಗೆಪ್ಪನವರ ಕೈ ಕೋಲಿನ ಹಿಡಿಯ ಮೇಲೆ ಹಾಗೆಯೇ ಇತ್ತು. ಬೆಳಕಿಲ್ಲದ ಕಣ್ಣು ಎದುರಿನ ಗೋಡೆಯ ಮೇಲೆ ನಿಂತಿತ್ತು. 

"'ಮೈ ಡಾಟರ್ಸ್ ಫೀವರ್' ಅನಬೇಕು. ಕಿವಿಗೆ ನೆಟ್ಟಗ ಆಗತದ," ಎಂದರು.

"ಏನಂದ್ಳು?" ಎಂದು ಮುರಿಗೆವ್ವ ಮೊರ ನಿಲ್ಲಿಸಿ ಕೇಳಿದಳು.

"ಧಾನ್ಯದ ಸುದ್ದಿ," ಎಂದರು ಅವರು.

ಮರುದಿನ ಅವರು ಸೊಸೆಯನ್ನು ಕರೆಯಲಿಲ್ಲ. ಅದರ ಮರುದಿನವೂ ಇಲ್ಲ. ಪತ್ರಿಕೆಗಳು ಮಡಿಕೆ ಬಿಚ್ಚದೆ ಮೂಲೆಗೆ ಬಿದ್ದವು. ಒಂದು ಮಧ್ಯಾಹ್ನ ಮುರಿಗೆವ್ವ ಮಠಕ್ಕೆ ಹೋದಾಗ ಅವರು ತಾವೇ ಗೋಡೆ ಹಿಡಿದುಕೊಂಡು ಅಡಿಗೆಮನೆಯ ಹೊಸ್ತಿಲತನಕ ಬಂದು ನಿಂತರು.

"ಗೌರವ್ವಾ, ಬಾಗಲಕೋಟಿ ಬೀಗರು ಭಾಳ ಬಿರುಸಿನ ಮಂದಿ. ಆ ಹುಡುಗಿ ಬಾಳೇ ಹಾಳಾಗತಿತ್ತು."

ಗೌರಾಬಾಯಿ ಒಲೆಯ ಕಡೆಗೇ ಮುಖ ಮಾಡಿ, "ಜುಲೇಖಾನ ಮಗ ಬದುಕ್ಯಾನ್ರಿ," ಎಂದಳು.

"ಹೌದು."

"ಆ ಗುಳಿಗಿ ನಮಗ ಗೊತ್ತಿದ್ರ..."

"ನನಗ ಗೊತ್ತಿತ್ತು," ಎಂದರು ಶಿವಯೋಗೆಪ್ಪ. "ಆಗ ಕಣ್ಣು ಇನ್ನೂ ಸ್ವಲ್ಪ ಕಾಣತಿತ್ತಲ್ಲ. ಅದೇ ವಾರ ಪತ್ರಿಕಾದಾಗ ಬಂದಿತ್ತು, ಪ್ಲೇಗಿಗೆ ಹೊಸ ಗುಳಿಗಿ ಬಂದಾವು, ಮಂದಿ ಗುಣ ಆಗಾಕತ್ತಾರ ಅಂತ. ಗುಡಿಸಲದಾಗ ಕೂತೇ ಓದಿದ್ದೆ. ಓದಿ ಮಡಚಿಟ್ಟೆ."

ಅವಳು ಬಡಿದು ಹಾಕಿದ್ದ ರೊಟ್ಟಿ ಹೊತ್ತಿ ಕಪ್ಪಾಗುವವರೆಗೂ ಹಂಚಿನ ಮೇಲೇ ಇತ್ತು. ಈ ಮನೆಯಲ್ಲಿ ಇಂಗ್ಲಿಷ್ ಓದಿ ತಿಳಿಯಬಲ್ಲ ಒಬ್ಬನೇ ಮನುಷ್ಯ ಅಂದು ರುದ್ರವ್ವನ ಪಕ್ಕದಲ್ಲೇ ಕೂತಿದ್ದ ಎಂಬುದನ್ನು ಅವಳು ಆ ಹೊತ್ತಿನಿಂದ ತಲೆಯಿಂದ ತೆಗೆಯಲಾರದಾದಳು.

ಶಂಕ್ರೆಪ್ಪ ಪಲ್ಟನ್ ಬಿಟ್ಟು ಬಂದದ್ದು ಯುದ್ಧ ಮುಗಿದ ಮರುವರ್ಷ. ತಗಡಿನ ಪೆಟ್ಟಿಗೆಯಲ್ಲಿ ಮಗಳಿಗೆಂದು ಎಂದೋ ಕೊಂಡಿದ್ದ ಗಾಜಿನ ಬಳೆ ಇನ್ನೂ ಇದ್ದವು. ಬಂದ ದಿನ ಊಟಕ್ಕೆ ಕೂತಾಗ ಗೌರಾಬಾಯಿ ಎಲ್ಲರೆದುರಿಗೆ, ನೇರ ಕನ್ನಡದಲ್ಲಿ, ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಸೆರಗು ತಲೆಯ ಮೇಲೆಯೇ ಇತ್ತು. 

ಶಂಕ್ರೆಪ್ಪ ತಂದೆಯ ಕಡೆ ನೋಡಿದ. "ಖರೇ ಏನಪಾ?"

"ಖರೇ," ಎಂದರು ಮುದುಕರು.

ಹಾರಿಬಿದ್ದವಳು ಮುರಿಗೆವ್ವ. "ಮಣ್ಣಾಗ ಮಲಗಿದ ಕೂಸಿನ್ನ ಎಬ್ಬಿಸಿ ಮನಿ ಮುರೀತಿಯೇನ ಬೇ? ಅವತ್ತ ನಿನ್ನ ಬಾಯಿ ಯಾರ ಹಿಡಿದಿದ್ರು? ಜುಲೇಖಾ ಎತ್ತಿಕೊಂಡು ಹೋಗಲಿಲ್ಲೇನು? ನಿನಗ ಕಾಲಿದ್ದಿಲ್ಲೇನು?"

 ಶಂಕ್ರೆಪ್ಪ ತಾಟು ಸರಿಸಿ ಎದ್ದು ಹೋದ. ತಂದೆಗೆ ಒಂದು ಮಾತು ಬೈಯಲಿಲ್ಲ, ಹೆಂಡತಿಯನ್ನು ಸಮಾಧಾನ ಮಾಡಲೂ ಇಲ್ಲ. ಕೆಲವು ವಾರಗಳಲ್ಲಿ ಸೊಲ್ಲಾಪುರದ ಗಿರಣಿಯೊಂದರಲ್ಲಿ ಕೆಲಸ ಹಿಡಿದು ಒಬ್ಬನೇ ಹೊರಟ. ಗೌರಾಬಾಯಿ ತಿಕೋಟಕ್ಕೆ ಸೋದರಮಾವನ ಮನೆಗೆ ಹೋದಳು. ಓದು ಮತ್ತೆ ಹಿಡಿದು, ಪರೀಕ್ಷೆ ಮುಗಿಸಿ, ಹೆಣ್ಣುಮಕ್ಕಳ ಸಾಲೆಯಲ್ಲಿ ಮಾಸ್ತರಿಕೆ ಸಿಗುವ ಹೊತ್ತಿಗೆ ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು. ಅವಳು ಕಲಿಸುವುದು ಕನ್ನಡದ ಓನಾಮ. ಮಾವ ಕಲಿಸಿದ ಶಬ್ದಗಳನ್ನು ಆಡಲು ಆ ಊರಲ್ಲಿ ಅವಳಿಗೆ ಯಾರೂ ಇರಲಿಲ್ಲ.

ಶಿವಯೋಗೆಪ್ಪನವರು ಹಾಸಿಗೆ ಹಿಡಿದಾಗ ರವಿವಾರದ ಬಸ್ಸಿಗೆ ವಿಜಯಪುರಕ್ಕೆ ಹೋಗಿ ಅವಳೇ ಪತ್ರಿಕೆ ಓದಿ ಹೇಳುವಳು. ಯಾಕೆ ಹೋಗುತ್ತೀಯೆಂದು ಸೋದರಮಾವ ಕೇಳಿದರೆ, "ಓದಾವರು ಯಾರದಾರ್ರಿ?" ಎನ್ನುವಳು. ಮುದುಕರು ಒಮ್ಮೊಮ್ಮೆ ಅಭ್ಯಾಸಬಲದಿಂದ, "ಅಲ್ಲೆ ನಿಲ್ಲು. ಆ ಶಬ್ದಕ್ಕ ಒಂದು ವಾಕ್ಯ..." ಎಂದು ತೊಡಗುವರು. ಅವಳು ನಿಲ್ಲದೆ ಮುಂದಿನ ಸಾಲು ಓದುವಳು. ಅವರು ತೀರಿಕೊಂಡ ದಿನ ಅವಳು ಸಾಲೆಯಲ್ಲಿದ್ದಳು.

ಮುಂದೆ ಅವಳಿಗೆ ಬಬಲೇಶ್ವರಕ್ಕೆ ವರ್ಗವಾಯಿತು. ಶಂಕ್ರೆಪ್ಪ ಒಂದು ದಿನ ಪೆಟ್ಟಿಗೆ ಹೊತ್ತುಕೊಂಡು ಅಲ್ಲಿಗೇ ಬಂದ. ಇಬ್ಬರೂ ಒಂದೇ ಸೂರಿನಡಿ ಇದ್ದರು, ಮಗಳ ಹೆಸರು ಎತ್ತಲಿಲ್ಲ. ಮತ್ತೆ ಮಕ್ಕಳಾಗಲಿಲ್ಲ. ಸಾಲೆಯಲ್ಲಿ ಯಾವ ಹುಡುಗಿಯ ಮೈ ಬೆಚ್ಚಗಾದರೂ ಗೌರಾಬಾಯಿ ಪಾಠ ಬಿಟ್ಟು ಅವಳ ಮನೆಗೆ ನಡೆಯುವಳು. ಈ ಅಕ್ಕೋರಿಗೆ ತಲೆ ನೆಟ್ಟಗಿಲ್ಲ ಎಂದು ಊರು ಆಡಿಕೊಂಡಿತು.

ಒಂದು ವರ್ಷ ಬಸಗೊಂಡಪ್ಪನೆಂಬ ರೈತನ ಮಗಳು ಜ್ವರ ಬಂದು ಸಾಲೆ ತಪ್ಪಿಸಿದಳು. ಗೌರಾಬಾಯಿ ಹೋಗಿ ನೋಡಿದರೆ ಹುಡುಗಿ ಕತ್ತಲೆ ಕೋಣೆಯಲ್ಲಿ ಕಂಬಳಿ ಹೊದ್ದು ಬಡಬಡಿಸುತ್ತಿದ್ದಳು.

"ದವಾಖಾನಿಗೆ ಒಯ್ಯಿರಿ," ಎಂದಳು.

"ಹೊರಗಿನ ಮಂದಿಗೆ ತಿಳಿಯೂದು ಬ್ಯಾಡ್ರಿ ಅಕ್ಕೋರ. ಮುಂದ ಆಕೀನ ಕೊಡಬೇಕಾಗೇದ," ಎಂದ ಬಸಗೊಂಡಪ್ಪ.

ಗೌರಾಬಾಯಿ ಓಣಿಯ ನಡುವೆ ನಿಂತು ಕೂಗಿದಳು. ಈ ಮನೆಯಲ್ಲಿ ಮಗು ಸಾಯುತ್ತಿದೆ, ಬಂದು ನೋಡಿರಿ ಎಂದು ಬಾಗಿಲು ಬಾಗಿಲಿಗೂ ಕೇಳುವಂತೆ ಕೂಗಿದಳು. ಮಂದಿ ಕೂಡಿದರು. ಮರ್ಯಾದೆ ಹೋಯಿತೆಂದು ಬಸಗೊಂಡಪ್ಪ ತಲೆ ಬಡಿದುಕೊಳ್ಳುತ್ತಿರುವಾಗಲೇ ಅವಳು ಹುಡುಗಿಯನ್ನು ಎತ್ತಿ ಚಕ್ಕಡಿಯಲ್ಲಿ ಹಾಕಿಕೊಂಡು ವಿಜಯಪುರದ ದಾರಿ ಹಿಡಿದಳು. ದಾರಿಯುದ್ದಕ್ಕೂ ಆ ಸುಡುವ ತಲೆ ಅವಳ ತೊಡೆಯ ಮೇಲಿತ್ತು.

ಹುಡುಗಿ ಬದುಕಿದಳು. ಬಸಗೊಂಡಪ್ಪ ಅವಳನ್ನು ಮತ್ತೆ ಸಾಲೆಗೆ ಕಳಿಸಲಿಲ್ಲ.