ಸವಳು ಬಾವಿ

ನಿಜಾಮರ ಕಾಲದಲ್ಲಿ ನಾನು ಲಿಂಗಸುಗೂರಿನ ತಹಸೀಲು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಹಳ್ಳಿಗಳಲ್ಲಿ ಯಾರಾದರೂ ಸತ್ತರೆ ಅಲ್ಲಿಯ ಪಟೇಲ ಒಂದು ಚೀಟಿ ಬರೆಸಿ ಕಳಿಸುತ್ತಿದ್ದ. ಅದನ್ನು ಉರ್ದುವಿನಲ್ಲಿ ನಕಲು ಮಾಡಿ ಮೇಲಕ್ಕೆ ಕಳಿಸಿದರೆ ನನ್ನ ಕೆಲಸ ಮುಗಿಯಿತು. ಸಾವು ಬರೆದೂ ಬರೆದೂ ಮನಸ್ಸು ಮರಗಟ್ಟಿತ್ತು. ಮಧ್ಯಾಹ್ನ ಅದೇ ಚೀಟಿಗಳ ಪಕ್ಕದಲ್ಲಿ ಬುತ್ತಿ ಬಿಚ್ಚಿ ಉಣ್ಣುತ್ತಿದ್ದೆ.

ಒಂದು ವರ್ಷ ಕಾಲರಾ ಬಂದು, ಎಷ್ಟು ಜನ ಹೋದರೆಂದು ತಹಸೀಲ್ದಾರ ಸಾಹೇಬರಿಗೆ ಲೆಕ್ಕ ಬೇಕಾಯಿತು. ಊರಿನ ಪ್ರಕಾರ ಕಟ್ಟಿಟ್ಟ ಹಳೆಯ ಚೀಟಿಗಳನ್ನೆಲ್ಲ ಬಿಚ್ಚಿ, ಕಾರಣದ ಪ್ರಕಾರ ನೆಲದ ಮೇಲೆ ಗುಡ್ಡೆ ಹಾಕಿದೆ. ಕಾಲರಾ, ಜ್ವರ, ಹಾವು, ಬಾವಿ. ಬಾವಿಯ ಗುಡ್ಡೆಯಲ್ಲಿ ಹೆಚ್ಚಿನವು ಮಸ್ಕಿ ಹಳ್ಳದ ದಂಡೆಯ ಒಂದೇ ಊರಿನವು. ಎಲ್ಲರೂ ಹರೆಯದ ಸೊಸೆಯಂದಿರು; ಎಲ್ಲರೂ ನೀರು ಸೇದುವಾಗ ಕಾಲು ಜಾರಿದವರು. ನನ್ನ ತಂಗಿಯನ್ನು ಹಿಂದಿನ ವರ್ಷ ಅದೇ ಊರಿಗೆ ಕೊಟ್ಟಿದ್ದೆವು.

ಪಂಚಮಿಗೆ ಅವಳು ತವರಿಗೆ ಬಂದಳು. ರೊಟ್ಟಿ ಬಡಿಯುತ್ತ ಕೂತವಳನ್ನು ಕೇಳಿದೆ, "ನಿಮ್ಮೂರ ಬಾವಿ ಭಾಳ ಜಾರ್ತದೇನು?"

"ಯಾರಿಗ್ಗೊತ್ತಣ್ಣ. ಅದರ ನೀರು ಸವಳು, ದನ ಸೈತ ಮೂಸಂಗಿಲ್ಲ. ನಾವು ಹಳ್ಳದಾಗ ಒರತಿ ತೋಡಿ ನೀರು ತರ್ತೀವಿ."

"ಮತ್ತ ಹೆಣ್ಮಕ್ಕಳು ಬಾವಿಗೆ ಯಾಕ ಹೋಗ್ತಾರ?"

"ನೀರಿಗಲ್ಲ." ರೊಟ್ಟಿ ತಿರುವಿ ಹಾಕಿದಳು. "ಹೊಡತ ತಾಳಲಾರದಾಕಿ ತಾನ ಹೋಗ್ತಾಳ. ಹೋಗದಾಕೀನ ಗಂಡನ ಮನ್ಯಾವರ ಒಯ್ತಾರ."

ಕುಪ್ಪಸದ ತೋಳು ಸರಿದು ಬಾಸುಂಡೆ ಕಂಡಿತು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಾವಿಯ ಗುಡ್ಡೆಯ ಚೀಟಿಗಳನ್ನು ಮನಸ್ಸಿನಲ್ಲೇ ಎಣಿಸತೊಡಗಿದೆ.

ಸಾಹೇಬರ ಮುಂದೆ ಎಲ್ಲವನ್ನೂ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, ಬಾವಿಗೆ ಎದೆಮಟ್ಟ ಕಟ್ಟೆ ಕಟ್ಟಿಸಬೇಕೆಂದು ಹುಕುಂ ಹೊರಡಿಸಿದರು. ಜಾರಿ ಬೀಳುವುದಕ್ಕೆ ಕಟ್ಟೆಯೇ ಮದ್ದಲ್ಲವೇ! ಆ ಹುಕುಂ ಚೆಂದದ ಉರ್ದುವಿನಲ್ಲಿ ಬರೆದುಕೊಟ್ಟವನೂ ನಾನೇ.

ಕಟ್ಟೆ ಏಳುವ ತನಕ ತಂಗಿ ನಮ್ಮಲ್ಲೇ ಉಳಿದಳು. ಆಮೇಲೆ ಅವಳ ಮಾವ ಬಂಡಿ ಕಟ್ಟಿಕೊಂಡು ಬಂದ. "ಇನ್ನ ಯಾರೂ ಜಾರಂಗಿಲ್ರೀ, ಹುಡುಗೀನ ಕಳಿಸ್ರಿ."

"ಕಳಿಸಂಗಿಲ್ಲ," ಎಂದೆ. ಅಪ್ಪ ತಲೆ ತಗ್ಗಿಸಿದ. ಓಣಿಯ ಜನ ಬಾಯಿಗೆ ಬಂದಂತೆ ಆಡಿಕೊಂಡರು. ಬಂಡಿ ಖಾಲಿಯೇ ಹೋಯಿತು. ಸುಗ್ಗಿ ಮುಗಿಯುವುದರೊಳಗೆ ತಂಗಿಯ ಗಂಡ ಇನ್ನೊಂದು ಮದುವೆ ಮಾಡಿಕೊಂಡನೆಂದು ಕೇಳಿದೆವು. ನಮ್ಮ ಮನೆಯಲ್ಲಿ ಯಾರೂ ಅಳಲಿಲ್ಲ. ಪೀಡೆ ಕಳೆಯಿತು ಎಂದೇ ನಾನು ಅಂದುಕೊಂಡೆ.

ಮರುವರ್ಷದ ಬೇಸಿಗೆಯಲ್ಲಿ ಆ ಊರಿನಿಂದ ಮತ್ತೆ ಚೀಟಿ ಬಂತು. ಕಾರಣ: ಕಟ್ಟೆಯ ಮೇಲಿಂದ ಕಾಲು ಜಾರಿ. ಇಂಥವನ ಹೆಂಡತಿ ಎಂದು ಬರೆದಲ್ಲಿ ನನ್ನ ತಂಗಿಯ ಗಂಡನ ಹೆಸರಿತ್ತು.

ಮನೆಗೆ ಬಂದು ಹೇಳಿದೆ.

"ಆಕಿ ತವರಮನ್ಯಾಗ ಯಾರೂ ಇದ್ದಿದ್ದಿಲ್ಲೇನು?" ಎಂದು ತಂಗಿ ಕೇಳಿದಳು.

ನನಗೆ ಗೊತ್ತಿರಲಿಲ್ಲ. ಚೀಟಿಯಲ್ಲಿ ತವರನ್ನು ಬರೆಯುವ ಪದ್ಧತಿ ಇರಲಿಲ್ಲ.