ಬೀಗರ ತೂಕಕ್ಕೆ ತಕ್ಕ ಪಟ್ಟಿ

ನಮ್ಮ ಬೀಗರು ನಮ್ಮ ಸೋಫಾದಲ್ಲಿ ಮುಳುಗಿದ್ದು ಹೋದ ದೀಪಾವಳಿಯಲ್ಲಿ. ಮಗಳ ಮಾವ, ನರಗುಂದದ ಪೇಟೆಯಲ್ಲಿ ಕಾಳುಕಡಿಯ ವ್ಯಾಪಾರ. ದೇಹವೂ ವ್ಯಾಪಾರದಷ್ಟೇ ವಿಸ್ತಾರ. ಕೂತರು, ದಿಂಬಿನ ಕೆಳಗಿನ ಪಟ್ಟಿಗಳು ಹರಿದವು, ಮೊಣಕಾಲು ಗದ್ದಕ್ಕೆ ಬಂತು. ನಾನೂ ಮಗಳೂ ತಲಾ ಒಂದು ಕೈ ಹಿಡಿದು ಅವರನ್ನು ಮೇಲೆತ್ತಿದೆವು. ರುಮಾಲು ಸರಿ ಮಾಡಿಕೊಂಡು, ಹೋಳಿಗೆ ಮುಟ್ಟದೆ, "ಲಗೂ ಹೋಗಬೇಕ್ರಿ" ಎಂದು ಹೊರಟವರು ಮತ್ತೆ ನಮ್ಮೂರು ರೋಣದ ಕಡೆ ತಲೆ ಹಾಕಿರಲಿಲ್ಲ.

ಅಷ್ಟರಲ್ಲಿ ಮಗಳ ಕುಬಸ ಬಂತು. ಚೊಚ್ಚಲ ಬಸುರಿಗೆ ಸೀರೆ-ಕುಬಸ ಉಡಿಸಿ ಆರತಿ ಮಾಡುವ ದಿನ, ಬೀಗರಿಲ್ಲದೆ ನಡೆಯುವಂಥದ್ದಲ್ಲ. "ಬರ್ತೀವಿ, ಆದ್ರ ನಾ ನೆಲದ ಮ್ಯಾಲೆ ಕೂಡಾಂವ" ಎಂದು ಬೀಗರು ಫೋನಿನಲ್ಲಿ ಹೇಳಿದರು.

"ಬೀಗರು ನೆಲಕ್ಕ ಕುಂತ್ರ ಮಗಳ ಮಾರಿ ಏನಾಗಬೇಕ್ರಿ?" ಎಂದಳು ಹೆಂಡತಿ. "ಮೊದಲ ಆ ಸೋಫಾ ನೆಟ್ಟಗ ಮಾಡಸ್ರಿ."

ಹೀಗೆ ಎರಡು ಮನೆತನಗಳ ಸಂಬಂಧ ಎರಡಿಂಚು ಅಗಲದ ಪಟ್ಟಿಯ ಮೇಲೆ ನಿಂತಿತು. ನಾನು ಗಜೇಂದ್ರಗಡದ ಸೋಫಾ ರಿಪೇರಿಯವನ ಅಂಗಡಿಗೆ ಹೋದೆ. ಅವನು ಮೂರು ಬಗೆ ಪಟ್ಟಿ ಹರವಿದ.

"ಹತ್ತಿ ನವಾರ ಬರ್ತಾ ಬರ್ತಾ ಜೋತು ಬೀಳ್ತೈತ್ರಿ. ಪ್ಲಾಸ್ಟಿಕ್ ಅಂದ್ರ ಹಲಗಿ ಮ್ಯಾಲೆ ಕುಂತಂಗ. ಈ ರಬ್ಬರ್ ಪಟ್ಟಿ ನೋಡ್ರಿ, ಎಳದ್ರ ಬರಬೇಕು, ಬಿಟ್ರ ಹೊಳ್ಳಿ ಹೋಗಬೇಕು. ಹೋಗಲಿಲ್ಲಂದ್ರ ತಗೋಬ್ಯಾಡ್ರಿ."

ಎತ್ತಿನ ಹಲ್ಲು ಎಣಿಸುವವನ ಗಾಂಭೀರ್ಯದಿಂದ ನಾನು ಎಳೆದೆ, ಬಿಟ್ಟೆ, ಮೂಸಿದೆ, ಕೊನೆಗೆ ಕಚ್ಚಿಯೂ ನೋಡಿದೆ.

"ಸರ, ಕಡದು ನೋಡಾಕ ಇದೇನ ಕಬ್ಬಲ್ರಿ. ಕೂಡಾವ್ರು ಯಾರು?"

"ಬೀಗರು."

"ಮೈಕಟ್ಟು?"

ನಾನು ಎರಡೂ ಕೈ ಚಾಚಿ ತೋರಿಸಿದೆ. ಅವನು ಅಟ್ಟದ ಮೇಲಿದ್ದ ಎಲ್ಲಕ್ಕಿಂತ ಅಗಲದ ಸುರುಳಿ ಇಳಿಸಿದ.

ಮರುದಿನ ಮನೆಗೆ ಬಂದು ಹಳೇ ಪಟ್ಟಿ ಕಿತ್ತು ಹೊಸದನ್ನು ಬಡಿಯತೊಡಗಿದ. ಗೇಣು ಪಟ್ಟಿಗೆ ಬೆರಳಷ್ಟೇ ಎಳೆಯುತ್ತಿದ್ದ. ನನ್ನ ರಕ್ತ ಕುದಿಯಿತು. ನಾನು ನವಾರದ ಮಂಚಗಳ ಮನೆಯಲ್ಲಿ ಹುಟ್ಟಿದವನು. ನಮ್ಮಲ್ಲಿ ನವಾರ ಬಿಗಿಯುವುದೆಂದರೆ ಮಂಚದ ಕಾಲಿಗೆ ಕಾಲು ಕೊಟ್ಟು, ಸೊಂಟ ಲಟಕ್ಕೆನ್ನುವ ತನಕ ಜಗ್ಗುವುದು. ಆಮೇಲೆ ಅಪ್ಪ ಬಂದು ಅಂಗೈಯಿಂದ ಒಂದು ಏಟು ಹಾಕುತ್ತಿದ್ದ; ಢಂ ಎಂದರೆ ಪಾಸು.

"ಇನ್ನಷ್ಟ ಜಗ್ಗಪಾ" ಎಂದೆ.

"ಸರ, ಇದು ನವಾರ ಅಲ್ರಿ. ರಬ್ಬರಿಗೆ ಭಾಳ ಬಿಗಿ ಮಾಡಬಾರ್ದು."

"ನಮ್ಮ ಬೀಗರನ್ನ ನೀ ನೋಡಿಲ್ಲ."

ನಾನೇ ಕಾಲು ಕೊಟ್ಟು ಜಗ್ಗಿದೆ, ಅವನು ತಲೆ ಅಲ್ಲಾಡಿಸುತ್ತ ಮೊಳೆ ಹೊಡೆದ. ಅಂಗೈ ಏಟು ಹಾಕಿದೆ. ಢಂ!

ಕುಬಸದ ದಿನ ಬೀಗರು ಸೋಫಾವನ್ನು ಹಳೇ ವೈರಿಯನ್ನು ನೋಡುವಂತೆ ನೋಡಿದರು. ನಾನು ಕೈಮುಗಿದು "ಕೂಡ್ರಿ" ಎಂದೆ. ಹೋದ ಸಲದ ಆಳ ನೆನಪಿತ್ತೋ ಏನೋ, ಕಣ್ಣು ಮುಚ್ಚಿ, ಬಂದದ್ದು ಬರಲೆಂದು ದೊಪ್ಪನೆ ಕೂತರು. ಸೋಫಾ ಅವರನ್ನು ಗೌರವದಿಂದ ಬರಮಾಡಿಕೊಂಡು, ಅಷ್ಟೇ ಗೌರವದಿಂದ ವಾಪಸು ಕಳಿಸಿತು. ಬೀಗರು ಗೇಣೆತ್ತರ ಎದ್ದರು, ಇಳಿದರು, ಮತ್ತೆ ಎದ್ದರು. ರುಮಾಲು ಹಾರಿ ಆರತಿ ತಟ್ಟೆಯ ಪಕ್ಕ ಬಿತ್ತು.

ಮಗಳು ಹೊಟ್ಟೆ ಹಿಡಿದುಕೊಂಡು, ನಗು ತಡೆಯಲು ಸೆರಗು ಬಾಯಿಗೆ ಒತ್ತಿದಳು.

ಬೀಗತಿ ಬಿಡಲಿಲ್ಲ. "ಏನ್ರಿ, ಕುಬಸ ಸೊಸಿಗೋ ನಿಮಗೋ? ಕುಣಿಯಾಕ ಹತ್ತೀರಲ್ಲ!"

ಬೀಗರು ನನ್ನನ್ನೇ ದಿಟ್ಟಿಸಿದರು. "ಬೀಗರ, ಹೋದ ಸಲ ಇಳಿಸಿದ್ರಿ. ಈ ಸಲ ಏರಿಸಿದ್ರಿ" ಎಂದರು. ಆಮೇಲೆ ಯಾರೂ ನೋಡುತ್ತಿಲ್ಲವೆಂಬಂತೆ ತುಸು ಎದ್ದು, ಬೇಕೆಂದೇ ಮತ್ತೊಮ್ಮೆ ಕೂತರು. ಇನ್ನೊಮ್ಮೆ. ಮೀಸೆಯಡಿ ನಗು ಒಡೆಯಿತು. "ಬರ್ರಿ ನೀವೂ" ಎಂದು ನನ್ನ ಕೈ ಜಗ್ಗಿದರು. ಅವರು ಇಳಿದರೆ ನಾನು ಮೇಲೆ, ನಾನು ಇಳಿದರೂ ನಾನೇ ಮೇಲೆ. ಅವರದೇ ಅಂಗಡಿಯ ತಕ್ಕಡಿಯಲ್ಲಿ ಕೂತಂತಾಯಿತು.

ಹೆಂಡತಿ ಒಳಗಿನಿಂದ "ಎಲಿ ಹಾಕೀವಿ, ಊಟಕ್ಕ ಏಳ್ರಿ" ಎಂದಳು.

"ನಾ ಏಳಂಗಿಲ್ರಿ" ಎಂದರು ಬೀಗರು. "ಹೋಳಿಗಿ ಇಲ್ಲೇ ತರ್ರಿ. ದೀಪಾವಳಿದೂ ಕೂಡಿಸಿ ತರ್ರಿ!"