ಹಾಲವ್ವನ ಸಣ್ಣ ಕುರ್ಚಿ

ಹಾಲವ್ವನ ಸಿಟ್ಟಿಗೆ ಈ ಜೂನ್‌ಗೆ ಆರು ವರ್ಷ ತುಂಬಿತು. ಒಂದನೇ ಕ್ಲಾಸಿಗೆ ಸೇರಿಸುವ ವಯಸ್ಸು. ಅಷ್ಟು ಜೋಪಾನವಾಗಿ ಸಾಕಿದ ಸಿಟ್ಟನ್ನು ನಾನು ಅತ್ತಿಗುಪ್ಪೆಯಲ್ಲಿ ಇನ್ನೊಂದು ಕಂಡಿಲ್ಲ.

ಆಕೆ ರೋಣದ ಕಡೆಯವಳು. ಗಂಡನಿಗೆ ನಾಯಂಡಹಳ್ಳಿಯ ಗೋಡೌನಿನಲ್ಲಿ ಲೋಡಿಂಗ್ ಕೆಲಸ. ಆಕೆ ಹಿಂದಿನ ಬೀದಿಯ ಕೋಣೆಯಲ್ಲಿ ಜೋಳದ ರೊಟ್ಟಿ ಬಡಿದು, ಸಂಜೆ ಬುಟ್ಟಿ ಹೊತ್ತು ಮನೆಮನೆಗೆ ಹಾಕುತ್ತಾಳೆ. ಅದೇ ರಸ್ತೆಯ ತುದಿಯಲ್ಲಿ ನನ್ನ ನೋಟ್‌ಬುಕ್ಕು, ಯೂನಿಫಾರ್ಮಿನ ಅಂಗಡಿ. ಪಕ್ಕದ ಸರ್ಕಾರಿ ಶಾಲೆಗೂ ಮಾರುತ್ತೇನೆ, ಎದುರಿನ ಪುರುಷೋತ್ತಮ ಅವರ ಕಾನ್ವೆಂಟಿಗೂ ಮಾರುತ್ತಿದ್ದೆ. ಮೂರು ವರ್ಷದಿಂದ ಅವರೇ ಸ್ಕೂಲಿನೊಳಗೆ ಯೂನಿಫಾರ್ಮು ಮಾರುತ್ತಾರೆ. ಅದಕ್ಕೆ ನನಗೇನೂ ಬೇಜಾರಿಲ್ಲ. ಇದ್ದರೂ ಇಲ್ಲಿ ಬರೆಯುವುದಿಲ್ಲ.

ಆರು ವರ್ಷದ ಹಿಂದೆ ಹಾಲವ್ವ ಮಗಳು ಚೇತನಾಳನ್ನು ಎಲ್‌ಕೆಜಿಗೆ ಸೇರಿಸಲು ಆ ಕಾನ್ವೆಂಟಿಗೆ ಹೋಗಿದ್ದಳು. ತಂದೆತಾಯಿಗೆ ಪರೀಕ್ಷೆ ಇಡಬಾರದು ಎಂದು ಕಾನೂನಿದೆಯಲ್ಲ, ಅದಕ್ಕೇ ಪುರುಷೋತ್ತಮ ‘ಇಂಟರಾಕ್ಷನ್’ ಇಟ್ಟಿದ್ದರು. ಅವರು ತಿರುಗುವ ಕುರ್ಚಿಯಲ್ಲಿ. ಹಾಲವ್ವ ಎಲ್‌ಕೆಜಿ ಮಕ್ಕಳ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಮಂಡಿ ಗಲ್ಲಕ್ಕೆ ತಾಗುವಂತೆ.

"ಕ್ವಾಲಿಫಿಕೇಶನ್ ಏನಮ್ಮ?"

"ರೊಟ್ಟಿ ಬಡೀತೀನ್ರಿ."

"ನೋಡಮ್ಮ, ಇಲ್ಲಿ ಪೇರೆಂಟ್ಸೂ ಒಂದು ಲೆವೆಲ್‌ಗೆ ಇರಬೇಕು. ಗವರ್ನಮೆಂಟ್ ಸ್ಕೂಲ್‌ಗೆ ಹಾಕು. ಹಾಲು ಕೊಡ್ತಾರೆ, ಅನ್ನಾನೂ ಹಾಕ್ತಾರೆ."

ಹಾಲವ್ವ ಎದ್ದಳು. ಕುರ್ಚಿಯೂ ಸೊಂಟಕ್ಕೆ ಸಿಕ್ಕಿಕೊಂಡು ಎದ್ದಿತು. ಪಕ್ಕದಲ್ಲಿದ್ದ ಶೈಲಾ ಮಿಸ್ ನಕ್ಕರು. ಬಾಗಿಲಲ್ಲಿ ಸರದಿ ಕಾಯುತ್ತಿದ್ದವರೂ ನಕ್ಕರು. ನಾಲ್ಕು ವರ್ಷದ ಚೇತನಾ, ಅವ್ವ ಏನೋ ಆಟ ಆಡುತ್ತಿದ್ದಾಳೆ ಎಂದುಕೊಂಡು ತಾನೂ ನಕ್ಕಿತು. ಹಾಲವ್ವನಿಗೆ ಮರೆಯಲಾಗದ್ದು ಈ ಕೊನೆಯ ನಗು.

ಮಗಳು ಸರ್ಕಾರಿ ಶಾಲೆ ಸೇರಿದಳು. ರೊಟ್ಟಿ ಹಾಕುವವಳಿಗೆ ಯಾವ ಮನೆಯಲ್ಲಿ ಎಷ್ಟು ವಯಸ್ಸಿನ ಮಗು ಇದೆ ಎಂದು ಗೊತ್ತಿರುತ್ತದಲ್ಲ. ಹೆಡ್‌ಮಿಸ್ ಅನಂತಲಕ್ಷ್ಮಿ ಆಕೆಯನ್ನೇ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷೆ ಮಾಡಿಸಿದರು. ಈ ವರ್ಷ ಮೇಲಿನಿಂದ ಒಂದು ಪತ್ರ ಬಂತು: ಜೂನ್ ಮೂವತ್ತರೊಳಗೆ ಒಂದನೇ ಕ್ಲಾಸಿಗೆ ಮೂವತ್ತು ಮಕ್ಕಳು ಸೇರಿದರೆ ಇಂಗ್ಲಿಷ್ ಮೀಡಿಯಂ, ಇಲ್ಲದಿದ್ದರೆ ಶಾಲೆಯನ್ನೇ ಮೈಸೂರು ರಸ್ತೆಯ ಆಚೆಯ ಶಾಲೆಗೆ ಸೇರಿಸಲಾಗುವುದು. ಅನಂತಲಕ್ಷ್ಮಿ ಪತ್ರ ಹಿಡಿದು ಅಳುವ ಹಾಗಾದರು. ಹಾಲವ್ವ ಹೊಸದಾಗಿ ಬಂದಿದ್ದ ಸಣ್ಣ ಕುರ್ಚಿಗಳನ್ನು ನೋಡುತ್ತಿದ್ದಳು.

"ಮೇಡಮ್ಮರ, ಶನಿವಾರ ತಾಯಂದಿರನ್ನ ಕರಸ್ತೀನಿ. ಅವರು ದೊಡ್ಡ ಕುರ್ಚಿ ಮ್ಯಾಲ ಕುಂತು ಪ್ರಶ್ನಿ ಕೇಳ್ತಾರ. ನೀವು ಸಣ್ಣ ಕುರ್ಚಿ ಮ್ಯಾಲ ಕುಂತು ಉತ್ತರಾ ಹೇಳ್ರಿ."

"ಮೂವತ್ತೊಂದು ವರ್ಷ ಸರ್ವಿಸ್ ಆಗಿದೆ ಕಣಮ್ಮ ನನಗೆ!"

"ಹಂಗಾರ ಉತ್ತರಾ ಗೊತ್ತಿರ್ತಾವಲ್ರಿ."

ಮೊದಲ ಶನಿವಾರ ಅನಂತಲಕ್ಷ್ಮಿ ಬೆವೆತು ಹೋದರು. ಟೀಚರ್ ಏನು ಓದಿದ್ದಾರೆ, ಎಷ್ಟು ವರ್ಷದಿಂದ ಇಲ್ಲಿದ್ದಾರೆ, ಟಾಯ್ಲೆಟ್ಟಿನಲ್ಲಿ ನೀರು ಬರುತ್ತಾ? ಬರುತ್ತಿರಲಿಲ್ಲ. ಎರಡನೇ ಶನಿವಾರದ ಹೊತ್ತಿಗೆ ಬಂತು. ಮೂರನೆಯ ಶನಿವಾರ, ಯಾರೂ ಕೇಳುವ ಮೊದಲೇ, ಹೆಡ್‌ಮಿಸ್ ಎರಡನೇ ಕ್ಲಾಸಿನ ಮಕ್ಕಳನ್ನು ಕರೆದು ತಾಯಂದಿರು ತೆರೆದ ಪುಟವನ್ನೇ ಓದಿಸಿದರು. ವರ್ಷಗಟ್ಟಲೆ ತಪಾಸಣೆಗೆ ಬಂದ ಸಾಹೇಬರುಗಳು ಕಾಫಿ ಕುಡಿದು ಹೋಗಿದ್ದರು, ಅಷ್ಟೇ.

ಹಾಲವ್ವನ ವಿಷ ಇದ್ದದ್ದು ಆಮೇಲಿನ ಮಾತಿನಲ್ಲಿ. ರೊಟ್ಟಿ ಎಣಿಸಿ ಕೊಡುತ್ತಾ ಹೇಳುತ್ತಿದ್ದಳು: "ಇದ ಪ್ರಶ್ನಿ ಎದುರಿನ ಕಾನ್ವೆಂಟ್‌ನ್ಯಾಗೂ ಕೇಳ್ರಲಾ. ಮಾನ್ಯತಾ ಪತ್ರಾನೂ ತೋರಸ್ರಿ ಅನ್ರಿ. ನನ್ನ ಹೆಸರು ಬ್ಯಾಡ."

ಅಲ್ಲಿ ಗೇಟಿನ ಬೋರ್ಡಿನಲ್ಲಿ ಸೆಂಟ್ರಲ್ ಸಿಲಬಸ್, ಬೀರುವಿನೊಳಗಿನ ಪತ್ರದಲ್ಲಿ ಸ್ಟೇಟ್. ತಾಯಂದಿರು ಕೇಳಿದರು; "ಆಫೀಸ್ ಟೈಮಲ್ಲಿ ಬನ್ನಿ" ಎಂದರು ಕಾನ್ವೆಂಟಿನವರು; ತಾಯಂದಿರು ಆಫೀಸ್ ಟೈಮಿನಲ್ಲೇ ಹೋದರು. ಪತ್ರ ಬೀರುವಿನಿಂದ ಹೊರಗೆ ಬರಲಿಲ್ಲ. ಇತ್ತ ದಾಖಲಾತಿ ಹನ್ನೆರಡಾಯಿತು, ಇಪ್ಪತ್ತೊಂದಾಯಿತು. ಜೂನ್ ಮೂವತ್ತರ ಮಧ್ಯಾಹ್ನ ಇಪ್ಪತ್ತೊಂಬತ್ತಕ್ಕೆ ಬಂದು ನಿಂತಿತು.

ನಾನು ಹೆಡ್‌ಮಿಸ್ ಕೋಣೆಯಲ್ಲಿ ಹಾಜರಿ ಪುಸ್ತಕದ ಕಟ್ಟು ಇಳಿಸುತ್ತಿದ್ದೆ. ಹಾಲವ್ವನೂ ಅಲ್ಲೇ ಇದ್ದಳು, ಶನಿವಾರದ ಸಣ್ಣ ಕುರ್ಚಿಗಳೂ ಇದ್ದವು. ಪುರುಷೋತ್ತಮ ಒಳಗೆ ನುಗ್ಗಿದರು.

"ಏನ್ ಮೇಡಂ, ನಮ್ಮ ಮಕ್ಕಳನ್ನೆಲ್ಲಾ ಎಳ್ಕೊಳ್ತಾ ಇದೀರಂತೆ? ಬಿಇಒ ಹತ್ರ ಹೋಗ್ತಾ ಇದೀನಿ ನಾನು!"

ಅನಂತಲಕ್ಷ್ಮಿ ಅಭ್ಯಾಸಬಲದಿಂದ ಎದ್ದು ಕುರ್ಚಿ ಬಿಟ್ಟುಕೊಟ್ಟರು. ಅದರಲ್ಲಿ ಹಾಲವ್ವ ಕುಳಿತಳು.

"ಶಾಲಿ ನಡಸೋರಿಗೆ ಸಣ್ಣ ಕುರ್ಚಿರಿ. ಇಲ್ಲಿ ರೂಲು ಹಂಗ ಐತಿ."

ಅನಂತಲಕ್ಷ್ಮಿ ತಾವೇ ಮೊದಲು ಒಂದರಲ್ಲಿ ಕುಳಿತರು, ಅವರಿಗೀಗ ರೂಢಿಯಾಗಿದೆ. ನಿಂತೇ ಇದ್ದರೆ ಜವಾನನ ಹಾಗೆ ಕಾಣುತ್ತೇನೆಂದೋ ಏನೋ, ಪುರುಷೋತ್ತಮರೂ ಕುಳಿತರು. ಅವರದು ದೊಡ್ಡ ದೇಹ. ಕುರ್ಚಿ ಕಿರ್ರೆಂದಿತು.

"ನಿಮ್ಮ ಕ್ವಾಲಿಫಿಕೇಶನ್ ಏನ್ರಿ?"

"ಏಯ್, ನೀನ್ಯಾರಮ್ಮ ಕೇಳೋಕೆ?"

"ಗೊತ್ತಾಗಲಿಲ್ಲೇನ್ರಿ ನಾ ಯಾರಂತ?"

"ರೊಟ್ಟಿಯವಳಲ್ವಾ? ನಮ್ಮನೆಗೂ ಹಾಕ್ತೀಯಲ್ಲ."

ಹಾಲವ್ವನ ಮುಖ ಕಪ್ಪಿಟ್ಟಿತು. ಆರು ವರ್ಷ ಆಕೆ ಹೊತ್ತು ತಿರುಗಿದ್ದು ಈ ಮನುಷ್ಯನಿಗೆ ನೆನಪೇ ಇಲ್ಲ. ರೊಟ್ಟಿ ಮಾತ್ರ ನೆನಪಿದೆ.

ಆಗ ಬಾಗಿಲಲ್ಲಿ ಶೈಲಾ ಮಿಸ್ ಕಾಣಿಸಿದರು. ಕೈಯಲ್ಲಿ ಮಗನ ಜನನ ಪ್ರಮಾಣಪತ್ರ, ಸೆರಗು ಹಿಡಿದು ಮಗ ಆತ್ರೇಯ. ಬೀರುವಿನೊಳಗಿನ ಪತ್ರವನ್ನು ಒಳಗಿನವರಲ್ಲದೆ ಇನ್ಯಾರು ಓದಿರುತ್ತಾರೆ? ಕೆಳಗೆ ಕುಳಿತಿದ್ದ ತಮ್ಮ ಸ್ಕೂಲಿನ ಯಜಮಾನರನ್ನು ನೋಡಿ ಆಕೆ ಹಿಂದೆ ಸರಿಯುವಷ್ಟರಲ್ಲಿ ಹಾಲವ್ವ ಕೇಳಿದಳು.

"ಬರ್ರಿ ಮಿಸ್. ನನ್ನ ನೆನಪೈತೇನ್ರಿ?"

"ಇದೆ." ಶೈಲಾ ತಲೆ ಎತ್ತಲಿಲ್ಲ.

"ಇವರು ಮರ್ತಾರ. ಹೇಳ್ರಿ ಇವರಿಗೆ."

"ಹಾಲವ್ವ," ಅನಂತಲಕ್ಷ್ಮಿ ಮೆಲ್ಲಗೆ ಎಂದರು, "ಮಗು ಬಂದಿದೆ, ಬೇಡ ಅನ್ನೋ ಹಾಗಿಲ್ಲ ನಾವು."

"ಬ್ಯಾಡ ಅಂದಿಲ್ರಿ ಮೇಡಮ್ಮರ. ನೀವು ಬರ್ಕೋರಿ. ಮಿಸ್ ಹೇಳ್ತಾರ."

ಶೈಲಾ ಹೇಳಿದರು. ಕುರ್ಚಿ, ಪ್ರಶ್ನೆ, ಹಾಲು, ಅನ್ನ, ತಾನು ನಕ್ಕಿದ್ದು, ಎಲ್ಲವನ್ನೂ ಮಗನ ಎದುರಿಗೇ. ಅನಂತಲಕ್ಷ್ಮಿ ತೊಡೆಯ ಮೇಲೆ ರಿಜಿಸ್ಟರು ಇಟ್ಟುಕೊಂಡು ಮೂವತ್ತನೆಯ ಹೆಸರು ಬರೆದರು. ಶೈಲಾ ಸಹಿ ಹಾಕಿ, ಮಗನನ್ನು ಎಳೆದುಕೊಂಡು ಹೊರಟುಹೋದರು.

"ಆತಲ್ರಿ ಸಾಹೇಬ್ರ, ಬಿಇಒ ಹತ್ರ ಹೋಗೂದಿತ್ತಲ್ಲ? ಏಳ್ರಿ."

ಪುರುಷೋತ್ತಮ ಕುರ್ಚಿಯ ಕೈಗಳನ್ನು ಒಮ್ಮೆ ಒತ್ತಿ ನೋಡಿ ಸುಮ್ಮನಾದರು. ಎದ್ದರೆ ಒಬ್ಬರೇ ಏಳುವುದಿಲ್ಲ ಎಂದು ಅವರಿಗೆ ತಿಳಿದಿತ್ತು.

"ಇರಲಿ... ಸ್ವಲ್ಪ ಕೂತ್ಕೊತೀನಿ."

"ಕುಂದರ್ರಿ. ನನಗೂ ಗಡಿಬಿಡಿ ಇಲ್ಲ." ಹಾಲವ್ವ ದೊಡ್ಡ ಕುರ್ಚಿಯಲ್ಲಿ ಬೆನ್ನು ಆನಿಸಿ ನನ್ನ ಕಡೆ ತಿರುಗಿದಳು. "ಅಣ್ಣಾರ, ಇವತ್ತ ರೊಟ್ಟಿ ತಡಾ ಆಕ್ಕೈತಿ ಅಂತ ಓಣ್ಯಾಗ ಹೇಳಿಬಿಡ್ರಿ."

ಹೇಳಿದೆ. ಪುರುಷೋತ್ತಮರ ಮನೆಯ ಬೆಲ್ ಒತ್ತಿ ಅವರ ಹೆಂಡತಿಗೂ ಹೇಳಿ ಬಂದೆ, ಕಾರಣ ಸಮೇತ.